ಊದುವ ವಾದ್ಯಗಳೂ ನಮ್ಮ ಹುಡುಗಿಯರೂ

ವಾದ್ಯಗೋಷ್ಠಿಯ ಹುಡುಗಿಯರ ವಿಷಯವಾಗಿ ತಾಯಿತಂದೆಗಳು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: “ಕೊಳಲು ಕಲಿತದ್ದಾಯಿತು, ಇನ್ನು ಕ್ಲಾರಿನೆಟ್ಟು ಯಾತಕ್ಕೆ? ಒಂದನ್ನೇ ಚೆನ್ನಾಗಿ ಕಲಿತರೆ ಸಾಲದೇ?” ಎರಡು ದೋಣಿಯಲ್ಲಿ ಕಾಲಿಡಬಾರದೆಂಬ ಮಾತನ್ನೂ ಕೆಲವರು ನೆನಪಿಗೆ ತರುವರು. ಪ್ರಶ್ನೆಯು ನ್ಯಾಯವಾದದ್ದೇ. ಆದರೂ ಒಂದು ವಾದ್ಯದಲ್ಲಿ ಬೇರೂರಿದ ಹುಡುಗಿಗೆ ಎರಡನೆಯದನ್ನು ಕಲಿಯುವ ಅವಕಾಶವನ್ನು ಕೊಡತಕ್ಕದ್ದೆಂಬದು ನನ್ನ ಅಭಿಪ್ರಾಯ. ಅದರ ಕಾರಣಗಳನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಉಸಿರಿನಿಂದ ನುಡಿಯುವ ವಾದ್ಯಗಳಿಗೆ ನಮ್ಮ ಸಂಗೀತಶಾಸ್ತ್ರದಲ್ಲಿ ಸುಷಿರವಾದ್ಯಗಳೆಂದು ಹೆಸರು. ಹೊರಗಿನಿಂದ ನೋಡುವವರಿಗೆ ಇವೆಲ್ಲವೂ ಒಂದೇ ಬಗೆಯ ಕೊಳವೆಗಳು. ಆದರೆ ಕೊಳಲಿನಲ್ಲಿ ಉಸಿರು ರಂಧ್ರದ ಅಂಚಿಗೆ ತಗಲುವದರಿಂದ ನಾದ ಹುಟ್ಟುವದು; ಕ್ಲಾರಿನೆಟ್ಟು ಸ್ಯಾಕ್ಸೋಫೋನುಗಳಲ್ಲಿ ಲಾಳದಕಡ್ಡಿಯ ತೆಳುವಾದ ನಾಲಿಗೆಯೊಂದು ನಡುಗುವದು; ನಾಗಸ್ವರದಲ್ಲಿಯೂ ಪಾಶ್ಚಾತ್ಯರ ಓಬೋದಲ್ಲಿಯೂ ಎರಡು ನಾಲಿಗೆಗಳು ಎದುರುಬದರಾಗಿ ನಡುಗುವವು. ಸ್ಯಾಕ್ಸೋಫೋನಿನ ಮೈ ಹಿತ್ತಾಳೆಯದಾದರೂ ಅದನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕೂರಿಸುವದು ಈ ನಾಲಿಗೆಯ ದೆಸೆಯಿಂದಲೇ.

ಒಳಗಿನ ಕೊಳವೆಯಲ್ಲಿಯೂ ಭೇದವುಂಟು. ಕ್ಲಾರಿನೆಟ್ಟಿನ ಕೊಳವೆಯು ಬಹುಮಟ್ಟಿಗೆ ಉದ್ದಕ್ಕೂ ಒಂದೇ ಅಳತೆಯದು. ಸ್ಯಾಕ್ಸೋಫೋನಿನದು ಕೆಳಕ್ಕೆ ಹೋದಂತೆಲ್ಲಾ ಅಗಲವಾಗುವದು. ಆದಕಾರಣ ಸ್ಯಾಕ್ಸೋಫೋನಿನಲ್ಲಿ ಷಡ್ಜವನ್ನು ನುಡಿಸಿದ ಬೆರಳುಗಳೇ, ಹೆಬ್ಬೆರಳಿನ ಕೀಲಿಯನ್ನು ಒತ್ತಿದೊಡನೆ, ಮೇಲಿನ ಸ್ಥಾಯಿಯ ಷಡ್ಜವನ್ನು ಕೊಡುವವು. ಕ್ಲಾರಿನೆಟ್ಟಿನಲ್ಲಾದರೋ ಅದೇ ಬೆರಳಿಟ್ಟುಕೊಂಡರೆ ಮೇಲಿನ ಸ್ಥಾಯಿಯ ಪಂಚಮವು ಕೇಳಿಸುವದು. ಒಂದನ್ನು ಬಲ್ಲ ಹುಡುಗಿಯು ಇನ್ನೊಂದನ್ನು ಎತ್ತಿಕೊಂಡಾಗ ಬೆರಳುಗಳ ರೂಢಿ ಅವಳನ್ನು ಕಾಯಲಾರದು. ಕಿವಿಯಿಂದ ಕೇಳಿ, ಬುದ್ಧಿಯಿಂದ ತಿದ್ದಿಕೊಳ್ಳಬೇಕು. ಬಾಯಿಪಾಠವಾಗಿ ಬಂದದ್ದು ಯಾವದು, ನಿಜವಾಗಿ ತಿಳಿದದ್ದು ಯಾವದು ಎಂಬದು ಆಗಲೇ ಬೈಲಿಗೆ ಬರುವದು. ಎರಡನೆಯ ವಾದ್ಯದಿಂದಾಗುವ ದೊಡ್ಡ ಉಪಕಾರವು ಇದೇ.

ದೂರದ ನಿದರ್ಶನ ಬೇಡ. ದಕ್ಷಿಣ ಕನ್ನಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೊದಲು ತಮ್ಮ ತಂದೆಯವರಿಂದ ನಾಗಸ್ವರವನ್ನು ಕಲಿತರು. ಅನಂತರ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಅದಕ್ಕೆ ಮನಸೋತರು. ನಾಗಸ್ವರದ ತೆರೆದ ರಂಧ್ರಗಳನ್ನು ಬೆರಳಿನಿಂದ ಅರೆಮುಚ್ಚಿ ಸ್ವರವನ್ನು ಬಳುಕಿಸಬಹುದು. ಸ್ಯಾಕ್ಸೋಫೋನಿನ ರಂಧ್ರಗಳ ಮೇಲಾದರೋ ಮುಚ್ಚಳಗಳಿವೆ. ಆ ಪರದೇಶದ ವಾದ್ಯದಲ್ಲಿ ನಮ್ಮ ಗಮಕಗಳನ್ನು ಒಲಿಸಿಕೊಳ್ಳಲು ಅವರು ಅನೇಕ ವರುಷಗಳ ಕಾಲ ಶ್ರಮಪಟ್ಟರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ನಾಗಸ್ವರದ ನಾದವು ಅವರ ಕಿವಿಯಲ್ಲಿ ಮೊದಲೇ ನೆಲೆಗೊಂಡಿರದಿದ್ದರೆ ಸ್ಯಾಕ್ಸೋಫೋನು ಅವರ ಕೈಯಲ್ಲಿ ಹಾಗೆ ನುಡಿಯುತ್ತಿತ್ತೇ? ಆ ವಾದ್ಯವನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಮಿನವನು ಸಹ ಕೊಳಲನ್ನೂ ಕ್ಲಾರಿನೆಟ್ಟನ್ನೂ ಕಲಿತವನೇ ಆಗಿದ್ದನು.

“ಅವರು ಗಂಡಸರು, ಹೆಣ್ಣುಮಕ್ಕಳಿಗೆ ಹಾಡು, ವೀಣೆ ಸಾಕು” ಎನ್ನುವವರು ಈಗಲೂ ಇದ್ದಾರೆ. ಕೆನ್ನೆಯುಬ್ಬಿಸಿ ಊದುವದು ಹೆಣ್ಣಿಗೆ ಅಂದವಲ್ಲವಂತೆ! ಒಳ್ಳೆಯ ಶಿಕ್ಷಕರು ಕ್ಲಾರಿನೆಟ್ಟು ಕಲಿಸುವಾಗ ಯಾರಿಗೂ ಕೆನ್ನೆಯುಬ್ಬಿಸಗೊಡುವದಿಲ್ಲ. ನಮ್ಮ ಬೆಂಗಳೂರಿನ ಎಂ. ಎಸ್. ಲಾವಣ್ಯ, ಎಂ. ಎಸ್. ಸುಬ್ಬಲಕ್ಷ್ಮಿ ಸೋದರಿಯರು ಸ್ಯಾಕ್ಸೋಫೋನಿನಲ್ಲಿ ಕಚೇರಿ ಮಾಡಿ ಹೆಸರು ಪಡೆದಿರುವರು. 2024ರ ಗಣರಾಜ್ಯೋತ್ಸವದ ಪಥಸಂಚಲನವು ದೆಹಲಿಯಲ್ಲಿ ಆರಂಭವಾದದ್ದು ಶಂಖ, ನಾಗಸ್ವರ, ನಗಾರಿ ಮುಂತಾದವುಗಳನ್ನು ಹಿಡಿದ ನೂರು ಮಂದಿ ಸ್ತ್ರೀಯರ ವಾದ್ಯಘೋಷದಿಂದಲೇ. ದೇಶವು ಒಪ್ಪಿದ್ದನ್ನು ನಮ್ಮ ಮನೆಯ ಪಡಸಾಲೆ ಒಪ್ಪಬಾರದೇ?

ಹಾಗೆಂದು ಕಂಡಕಂಡದ್ದನ್ನೆಲ್ಲಾ ಊದಿ ಬಿಡುವದು ವಿದ್ಯೆಯಲ್ಲ. ಮೊದಲನೆಯ ವಾದ್ಯದಲ್ಲಿ ಎರಡು ವರುಷವಾದರೂ ನಿಲ್ಲಬೇಕು. ದೀರ್ಘವಾದ ಒಂದೇ ಸ್ವರವನ್ನು ಅಲುಗದಂತೆ ಹಿಡಿಯಲು ಬರಬೇಕು. ಎರಡನೆಯದನ್ನು ಆರಂಭಿಸಿದ ಮೇಲೆ ದಿನಾಲೂ ಕೊಳಲನ್ನು ಮೊದಲು ನುಡಿಸಿ, ತುಟಿಯನ್ನು ಬಿಗಿಹಿಡಿಯುವ ಕ್ಲಾರಿನೆಟ್ಟನ್ನು ಆಮೇಲೆ ನುಡಿಸುವದು ಲೇಸು. ಯಾಕಂದರೆ ಬಳಲಿದ ತುಟಿಗೆ ಕೊಳಲು ಒಲಿಯದು. ಹೊಸ ವಾದ್ಯದಲ್ಲಿ ಸರಳೆಯಿಂದಲೇ ಆರಂಭಿಸತಕ್ಕದ್ದು. ಎಲ್ಲರ ಮುಂದೆ ಚೆನ್ನಾಗಿ ನುಡಿಸಬಲ್ಲ ಹುಡುಗಿ ಚಿಕ್ಕವರ ಸಾಲಿನಲ್ಲಿ ಕುಳಿತು ಅಪಸ್ವರಗಳನ್ನು ಸಹಿಸಿಕೊಂಡು ಮತ್ತೆ ಕಲಿಯುವದು ಅವಳ ನಡತೆಗೂ ಒಂದು ಒಳ್ಳೆಯ ಪಾಠ.

ಖರ್ಚಿನ ಮಾತೂ ಇದೆ. ಎಲ್ಲರೂ ಎರಡೆರಡು ವಾದ್ಯಗಳನ್ನು ಕೊಳ್ಳಬೇಕಾದ್ದಿಲ್ಲ. ಕ್ಲಾರಿನೆಟ್ಟಿನಲ್ಲಿಯೂ ಸ್ಯಾಕ್ಸೋಫೋನಿನಲ್ಲಿಯೂ ಬಾಯಿಗಿಡುವ ತುದಿಯು ಬಿಚ್ಚಿ ಬರುವದರಿಂದ ಆ ತುದಿಯೂ ನಾಲಿಗೆಯೂ ಹುಡುಗಿಯ ಸ್ವಂತದ್ದಾಗಿದ್ದರೆ, ಮಿಕ್ಕ ಭಾಗವನ್ನು ಶಾಲೆಯದರಿಂದಲೇ ಹಂಚಿಕೊಳ್ಳಬಹುದು. ಇದರಿಂದ ಶುಚಿತ್ವಕ್ಕೂ ಕೊರತೆ ಬಾರದು.

ಖರ್ಚಿಗಿಂತ ಹೆಚ್ಚಿನ ಅಡ್ಡಿಯೆಂದರೆ ಸ್ಥಳ. ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲಲ್ಲಿ ನಿದ್ರೆಮಾಡುವ ಒಂದೇ ಕೋಣೆಯ ಮನೆಯಲ್ಲಿ ಮಗಳು ಕ್ಲಾರಿನೆಟ್ಟನ್ನು ಹೇಗೆ ಊದುವಳು? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎತ್ತರವಾದ ವಸತಿಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೇ ವಿದ್ಯಾರ್ಥಿನಿಯರಿಗೂ ಗೋಡೆಯಾಚೆಯ ನೆರೆಯವರ ಅಂಜಿಕೆ ತಪ್ಪಿದ್ದಲ್ಲ. ಹೀಗಾಗಿಯೂ, ಹತ್ತನೆಯ ತರಗತಿಯ ಪರೀಕ್ಷೆಯ ನೆವದಿಂದಲೂ, ಎಷ್ಟೋ ವಾದ್ಯಗಳು ಮಂಚದ ಕೆಳಗೆ ಸೇರಿ ಮತ್ತೆ ಹೊರಗೆ ಬಾರದೆ ಹೋಗಿವೆ.

ಆದುದರಿಂದ ಶನಿವಾರದ ಸಾಯಂಕಾಲ ಎರಡು ಗಂಟೆಗಳ ಕಾಲ ಶಾಲೆಯ ಸಂಗೀತದ ಕೊಠಡಿಯನ್ನು ಈಗಿನ ಮಕ್ಕಳಿಗೂ ಹಳಬರಿಗೂ ತೆರೆದಿಡಬೇಕೆಂದು ನನ್ನ ಇಷ್ಟ. ಹಳೇ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿರುವ ವಾದ್ಯವನ್ನು ಕಳುಹಿಸಿಕೊಡಿರಿ. ಅದಕ್ಕಿಂತಲೂ ನೀವೇ ಅದನ್ನು ಹಿಡಿದು ಬಂದು ಮಕ್ಕಳ ಸಾಲಿನಲ್ಲಿ ಕುಳಿತರೆ ನಮಗೆ ಹೆಚ್ಚು ಸಂತೋಷ. ತಾಯಿತಂದೆಗಳೇ, ಮಗಳು ಎರಡನೆಯ ವಾದ್ಯವನ್ನು ಕೇಳಿದಾಗ ಬೇಡವೆನ್ನುವದಕ್ಕೆ ಮುಂಚೆ ಮೊದಲನೆಯದನ್ನು ಅವಳು ನುಡಿಸುವದನ್ನು ಒಮ್ಮೆ ಕುಳಿತು ಕೇಳಿರಿ. ಹಾಡುತ್ತಾ ಹಾಡುತ್ತಾ ರಾಗವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಗೆ ಹಾಡುವದಕ್ಕೆ ಮಕ್ಕಳಿಗೆ ಎಡೆ ಮಾಡಿಕೊಡುವದು ನಮ್ಮ ಪಾಲಿನ ಕೆಲಸ.