ಚುಕ್ಕೆಯ ಶುದ್ಧಿ, ನಾಯಿಯ ಸಂಕಟ

ನಾಯಿಮರಿ ಕೊಳ್ಳುವಾಗ ವಂಶಾವಳಿಯ ಪತ್ರವನ್ನು ಹಟಹಿಡಿದು ಕೇಳುವವರು ತಾಯಿತಂದೆಗಳ ಆರೋಗ್ಯಪರೀಕ್ಷೆಯ ವರದಿಯನ್ನೇಕೆ ಕೇಳುವುದಿಲ್ಲ? ‘ಶುದ್ಧ ತಳಿ’ ಎಂಬ ಮಾತು ಕಿವಿಗೆ ಇಂಪು. ಅದರ ಬೆಲೆ ತೆರುವುದು ಮಾತ್ರ ಮೂಕಪ್ರಾಣಿ.

ಡಾಲ್ಮೇಷಿಯನ್ ತಳಿಯನ್ನೇ ನೋಡಿ. ಆ ಚುಕ್ಕೆಯ ಚೆಲುವನ ಮೂತ್ರದಲ್ಲಿ ಯೂರಿಕ್ ಆಮ್ಲ ವಿಪರೀತ. ಅದು ಹರಳುಗಟ್ಟಿದರೆ, ಅದರಲ್ಲೂ ಗಂಡುನಾಯಿಗಳಲ್ಲಿ, ಮೂತ್ರನಾಳವೇ ಕಟ್ಟಿಹೋಗುತ್ತದೆ. ಇದಕ್ಕೆ ಕಾರಣವಾದ ಜೀನು 2008ರಲ್ಲಿ ಪತ್ತೆಯಾಯಿತು. ಆದರೆ ಶುದ್ಧ ತಳಿಯ ನಾಯಿಗಳೆಲ್ಲದರಲ್ಲೂ ಆ ಜೀನಿನ ಎರಡು ಪ್ರತಿಗಳೂ ಕೆಟ್ಟಿರುವಾಗ, ಪರೀಕ್ಷಿಸಿ ಆರಿಸುವುದಾದರೂ ಯಾವುದನ್ನು? ಒಳ್ಳೆಯ ಪ್ರತಿ ಹೊರಗಿನಿಂದಲೇ ಬರಬೇಕು.

ಅದನ್ನು ತಂದವರು ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್. 1973ರಲ್ಲಿ ಪಾಯಿಂಟರ್ ನಾಯಿಯೊಡನೆ ಒಮ್ಮೆ ಸಂಕರ ಮಾಡಿಸಿ, ಆಮೇಲೆ ಪ್ರತಿ ಪೀಳಿಗೆಯನ್ನೂ ಡಾಲ್ಮೇಷಿಯನ್‌ಗಳೊಡನೆಯೇ ಕೂಡಿಸಿದರು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಆ ಸಂತತಿಯ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿಪ್ರಿಯರು ಬೊಬ್ಬೆಯಿಟ್ಟರು, ಬಾಗಿಲು ಮುಚ್ಚಿತು. ಮರಳಿ ತೆರೆದದ್ದು 2011ರಲ್ಲಿ. ಮೂವತ್ತು ವರ್ಷ! ಅಷ್ಟರಲ್ಲಿ ಎಷ್ಟು ತಲೆಮಾರಿನ ನಾಯಿಗಳು ಈ ದೋಷವನ್ನು ಹೊತ್ತು ಹುಟ್ಟಿದವೋ!

ರಕ್ತ ಬೆರಕೆಯಾಯಿತೆಂಬುದೇ ಆಕ್ಷೇಪ. (ಈ ರಾಗವನ್ನು ಮನುಷ್ಯರ ವಿಷಯದಲ್ಲೂ ಕೇಳಿದ್ದೇವಲ್ಲ!) ಲೆಕ್ಕ ನನ್ನ ಶಿಷ್ಯರಿಗೆ ಕಷ್ಟವಲ್ಲ: ಹೊರಗಿನ ಪಾಲು ಪ್ರತಿ ಪೀಳಿಗೆಗೆ ಅರ್ಧವಾದರೆ, ಹತ್ತನೆಯದರಲ್ಲಿ ಉಳಿಯುವುದು ಸುಮಾರು ಸಾವಿರದಲ್ಲೊಂದು. ಅಷ್ಟಕ್ಕಾಗಿ ಕಲ್ಲಿನ ನೋವನ್ನು ಕಾಪಾಡಿಕೊಂಡು ಬರಬೇಕಿತ್ತೆ?

ಒಂದೇ ಒಂದು ಒಳ್ಳೆಯ ಪ್ರತಿಯಿದ್ದರೂ ಮರಿಗೆ ಈ ದೋಷ ತಟ್ಟದು. ಡಾಲ್ಮೇಷಿಯನ್ ಬೇಕೆನ್ನುವವರು ಮೊದಲು ಆ ಪರೀಕ್ಷೆಯ ವರದಿ ಕೇಳಿ. ವಂಶಾವಳಿಯನ್ನು ಆಮೇಲೆ ಓದಿಕೊಳ್ಳಬಹುದು.