ನಗು ನಿಂತ ಜಾಗ

ಮಕ್ಕಳೇ,

ಕಳೆದ ತಿಂಗಳು ನನ್ನ ಮಗಳು ‘ದಿ ಎಕ್ಸಾರ್ಸಿಸ್ಟ್’ (1973) ನೋಡುತ್ತಾ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಇದಕ್ಕೆ ಹೆದರಿದ್ದೆಯಾ ನೀನು?”

ಹೆದರಿದ್ದು ನಿಜ. ಧಾರವಾಡದಲ್ಲಿ ಬಿ.ಎ. ಓದುವಾಗ ಗೆಳತಿಯ ಮನೆಯಲ್ಲಿ ಬಾಡಿಗೆ ಕ್ಯಾಸೆಟ್ ತಂದು ನೋಡಿ, ವಾರವಿಡೀ ಅಜ್ಜಿಯ ಪಕ್ಕ ಮಲಗಿದ್ದೆ. ಈಗ ನೋಡಿದರೆ ಆ ತಲೆ ತಿರುಗುವುದು, ಹಸಿರು ವಾಂತಿ ಎಲ್ಲ ಬೊಂಬೆಯಾಟದಂತೆ ಕಂಡಿತು. ಎದೆ ನಡುಗಿದ್ದು ಬೇರೆ ಕಡೆ. ಆಸ್ಪತ್ರೆಯಲ್ಲಿ ಆ ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡುತ್ತಾರಲ್ಲ, ಅಲ್ಲಿ. ಅಲ್ಲಿ ದೆವ್ವವಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ, ಕಾರಣ ಮಾತ್ರ ಸಿಗದು.

ಮಗಳಿಗೆ ನಾಲ್ಕು ವರ್ಷವಿದ್ದಾಗ ಹನ್ನೊಂದು ದಿನ ಜ್ವರ ಇಳಿದಿರಲಿಲ್ಲ. ರಕ್ತ ತೆಗೆಯುವಾಗ ಅವಳ ಕೈ ಅದುಮಿ ಹಿಡಿದವಳು ನಾನೇ. ಅವಳಿಗೆ ಅದರ ನೆನಪಿಲ್ಲ. ಅಂದು ರಾತ್ರಿ ಹೇಳಿದೆ. ನಗು ನಿಂತಿತು.

ಆದ್ದರಿಂದ ಈ ಚಿತ್ರದ ಮೊದಲ ಅರ್ಧಕ್ಕೆ ನನ್ನ ಪೂರ್ಣ ಅಂಕ. ಉಳಿದರ್ಧಕ್ಕೆ ಪಾಸು ಮಾತ್ರ. ‘ದಿ ಓಮೆನ್’ (1976) ಅದನ್ನೂ ದಾಟುವುದಿಲ್ಲ. ಅಲ್ಲಿ ಮಗುವೇ ಶತ್ರು. ಮುಂದೆ ಯಾರು, ಹೇಗೆ ಸಾಯುತ್ತಾರೆ ಎಂಬ ಕುತೂಹಲವಷ್ಟೇ ಉಳಿಯುತ್ತದೆ.

‘ಜಾಸ್’ (1975) ಮಾತ್ರ ಇನ್ನೂ ಗಟ್ಟಿ. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ಕೂತದ್ದರಿಂದ ಸ್ಪೀಲ್‌ಬರ್ಗ್ ಅದನ್ನು ಬಹಳ ಹೊತ್ತು ಮರೆಯಲ್ಲೇ ಇಟ್ಟರು. ಜಾನ್ ವಿಲಿಯಮ್ಸ್ ಸಂಗೀತವೇ ಶಾರ್ಕ್ ಆಯಿತು. ಆದರೆ ನನಗೆ ಶಾರ್ಕಿಗಿಂತ ಕೆಟ್ಟವನು ವ್ಯಾಪಾರ ಹೋದೀತೆಂದು ಕಡಲತೀರ ಮುಚ್ಚಿಸದ ಆ ಮೇಯರ್. ಮಗನನ್ನು ಕಳೆದುಕೊಂಡ ತಾಯಿ ಪೊಲೀಸ್ ಮುಖ್ಯಸ್ಥನ ಕೆನ್ನೆಗೆ ಹೊಡೆಯುವಾಗ, ಆ ಏಟು ಮೇಯರ್‌ಗೂ ಬೀಳಬೇಕಿತ್ತು ಅನ್ನಿಸುತ್ತದೆ.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ನಿಕೋಲಸ್ ರೋಗ್ ನಿರ್ದೇಶಿಸಿದ ‘ಡೋಂಟ್ ಲುಕ್ ನೌ’ (1973). ಡಾಫ್ನೆ ಡು ಮಾರಿಯೆ ಬರೆದ ಕತೆಯಲ್ಲಿ ಮಗು ಮೆದುಳು ಜ್ವರದಿಂದ ಸಾಯುತ್ತದೆ. ಚಿತ್ರದಲ್ಲಿ ಕೆಂಪು ಕೋಟು ತೊಟ್ಟ ಹುಡುಗಿ ಮನೆಯ ಪಕ್ಕದ ಕೊಳದಲ್ಲಿ ಮುಳುಗುತ್ತಾಳೆ. ಮೂಲಕ್ಕೆ ಕೈ ಹಚ್ಚಿದರೆ ಸಿಡಿಮಿಡಿಗೊಳ್ಳುವವಳು ನಾನು. ಇಲ್ಲಿ ಮಾತ್ರ ಬದಲಾವಣೆಯೇ ಸರಿ. ಮುಂದೆ ವೆನಿಸ್‌ನಲ್ಲಿ ಎಲ್ಲಿ ನೋಡಿದರೂ ನೀರು, ಎಲ್ಲೋ ಒಂದು ಚೂರು ಕೆಂಪು. ತಂದೆಯ ಕಣ್ಣು ಅದರ ಹಿಂದೆಯೇ ಓಡುತ್ತದೆ. ಮಗುವನ್ನು ಕಳೆದುಕೊಂಡವರು ಹಾಗೇ ಹುಡುಕುತ್ತಾರೆ. ಅದಕ್ಕೆ ದೆವ್ವ ಬೇಕಿಲ್ಲ.

ನಿಮ್ಮ ಕಾಲದ ಕಂಪ್ಯೂಟರ್ ಚಮತ್ಕಾರದ ಮುಂದೆ ಇವು ಬಡ ಚಿತ್ರಗಳೇ, ಒಪ್ಪಿದೆ. ಆದರೂ ಹದಿನೆಂಟು ದಾಟಿದವರು ಒಮ್ಮೆ ಅಪ್ಪ ಅಮ್ಮನ ಜೊತೆ ಕೂತು ನೋಡಿ. (ರೋಗ್ ಚಿತ್ರದ ಒಂದು ದೃಶ್ಯದ ಹೊತ್ತಿಗೆ ಯಾರಾದರೂ ಚಹಾ ಮಾಡಲು ಏಳಬೇಕಾದೀತು!) ನೀವು ನಕ್ಕ ಕಡೆ ಅವರು ನಗದಿದ್ದರೆ, ಯಾಕೆ ಅಂತ ಕೇಳಿ.