ಮಂಡಿನೋವಿಗೆ ಮಾರಾಟವಾಗುವ ಭರವಸೆ



ಕುಮಟಾದ ಅಘನಾಶಿನಿ ಅಳಿವೆಯ ಕೆಸರಿನಲ್ಲಿ ಇಳಿತದ ವೇಳೆ ಕುಳಿತು ಚಿಪ್ಪಿ ಹೆಕ್ಕುವ ಹೆಂಗಸರನ್ನು, ಹೊನ್ನಾವರದಲ್ಲಿ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವರನ್ನು, ಭಟ್ಕಳದಲ್ಲಿ ನೆಲದ ಮೇಲೆ ಕುಳಿತು ಮಲ್ಲಿಗೆ ಕಟ್ಟುವವರನ್ನು ನೀವು ಬಲ್ಲಿರಿ. ಪ್ರಾಯ ಐವತ್ತು ದಾಟುವಷ್ಟರಲ್ಲಿ ಇವರಲ್ಲಿ ಎಷ್ಟೋ ಮಂದಿ ಗೋಡೆ ಹಿಡಿಯದೆ ಮೇಲೇಳಲಾರರು. ಈ ನೋವಿಗೆ ಈಗ ಹೊಸದೊಂದು ಮಾರುಕಟ್ಟೆ ತೆರೆದಿದೆ. ಶಸ್ತ್ರಚಿಕಿತ್ಸೆ ಬೇಡ, ಒಂದೇ ಸ್ಟೆಮ್ ಸೆಲ್ ಚುಚ್ಚುಮದ್ದು ಸಾಕು, ಸವೆದ ಮಂಡಿ ಮತ್ತೆ ಬೆಳೆಯುತ್ತದೆ ಎಂಬ ಜಾಹೀರಾತು ಅಂಗೈಯ ಮೊಬೈಲಿಗೇ ಬಂದು ತಲುಪುತ್ತಿದೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ತಾಯಿಯ ನರಳಾಟ ಕೇಳಲಾರದೆ ಹಣ ಕಳುಹಿಸುತ್ತಾನೆ. ಅಂಥ ಮಗನಿಲ್ಲದವಳು ಬಂಗಾರ ಅಡವಿಡುತ್ತಾಳೆ. ಇದನ್ನು ನಾವು ಮೌನವಾಗಿ ನೋಡುತ್ತಿರುವುದು ಸರಿಯೇ?

ಮೊದಲು ಒಂದು ಗೊಂದಲ ನಿವಾರಣೆಯಾಗಲಿ. ಸ್ಟೆಮ್ ಸೆಲ್, ಅಂದರೆ ಕಾಂಡಕೋಶ ಎಂದೊಡನೆ ನಮ್ಮಲ್ಲಿ ಕೆಲವರು ಭ್ರೂಣಹತ್ಯೆಯೆಂದು ಹಿಂಜರಿಯುತ್ತಾರೆ. 2008ರಲ್ಲಿ ಪ್ರಕಟವಾದ 'ದಿಗ್ನಿತಾಸ್ ಪೆರ್ಸೊನೆ' ಎಂಬ ವ್ಯಾಟಿಕನ್ನಿನ ಬೋಧನಾಪತ್ರವು ಭ್ರೂಣವನ್ನು ನಾಶಮಾಡಿ ಪಡೆಯುವ ಕೋಶಗಳನ್ನು ತಿರಸ್ಕರಿಸಿದೆ. ವಯಸ್ಕರ ದೇಹದಿಂದಲೂ ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದಲೂ ಪಡೆಯುವ ಕೋಶಗಳನ್ನು ಒಪ್ಪಿದೆ. ಮಂಡಿಗೆ ಚುಚ್ಚುವ ಕೋಶಗಳು ಸಾಮಾನ್ಯವಾಗಿ ಅಸ್ಥಿಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯವು. ಆದ್ದರಿಂದ ಇಲ್ಲಿ ನಾವು ಎತ್ತಬೇಕಾದ ಪ್ರಶ್ನೆ ಭ್ರೂಣದ್ದಲ್ಲ; ಸತ್ಯದ್ದು ಮತ್ತು ಬಡವರ ಹಣದ್ದು.

ಸತ್ಯವೇನು? ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸವೆದರೆ ಅದು ತಾನಾಗಿ ತುಂಬಿಕೊಳ್ಳುವುದು ಬಲು ಕಷ್ಟ. ಚುಚ್ಚಿದ ಕೋಶಗಳು ಹೊಸ ಮೃದ್ವಸ್ಥಿಯಾಗಿ ಬೆಳೆಯುತ್ತವೆ ಎನ್ನುವುದಕ್ಕಿಂತ, ಅವು ಸ್ರವಿಸುವ ದ್ರವ್ಯಗಳು ಉರಿಯೂತವನ್ನು ತಗ್ಗಿಸುತ್ತವೆ ಎಂಬುದೇ ವಿಜ್ಞಾನಿಗಳ ಇಂದಿನ ತಿಳುವಳಿಕೆ. ಅಮೆರಿಕದಲ್ಲಿ 475 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ಬಗೆಯ ಕೋಶಚಿಕಿತ್ಸೆಗಳಲ್ಲಿ ಒಂದೂ ವರ್ಷದ ಕೊನೆಗೆ ಅಗ್ಗದ ಸ್ಟೀರಾಯ್ಡ್ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ. 2025ರಲ್ಲಿ 25 ಪರೀಕ್ಷೆಗಳನ್ನು ಒಟ್ಟಾಗಿ ತೂಗಿ ನೋಡಿದ ಕಾಕ್ರೇನ್ ಪರಿಶೀಲನೆಯು, ನೋವಿನಲ್ಲಿ ಅಲ್ಪ ಸುಧಾರಣೆ ಇರಬಹುದು, ಆದರೆ ಆಧಾರ ದುರ್ಬಲ ಎಂದಿತು.

ಕಾನೂನೂ ಮೌನವಾಗಿಲ್ಲ. ರಕ್ತರೋಗಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಉಳಿದ ಕಾಂಡಕೋಶ ಪ್ರಯೋಗಗಳೆಲ್ಲ ಅನುಮತಿ ಪಡೆದ ಪರೀಕ್ಷೆಯೊಳಗೇ ನಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿತು. ತರುವಾಯ ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಔಷಧಿಗೆ 2022ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಅನುಮತಿ ದೊರೆಯಿತು. 146 ರೋಗಿಗಳ ಪರೀಕ್ಷೆಯಲ್ಲಿ ನೋವು, ಬಿಗಿತ ಕಡಿಮೆಯಾದವೆಂದು ವರದಿಯಾಯಿತು. ಇದು ಮೆಚ್ಚತಕ್ಕ ಶ್ರಮ. ಆದರೆ ಅದು ಎರಡು ಮತ್ತು ಮೂರನೆಯ ಹಂತದ ಸವೆತಕ್ಕೆ ಉದ್ದೇಶಿಸಿದ್ದು; ಎಲುಬಿಗೆ ಎಲುಬು ತಾಗಿದ ನಾಲ್ಕನೆಯ ಹಂತಕ್ಕಲ್ಲ. ಪರೀಕ್ಷೆಗೆ ಒಳಗಾಗಿ ಗೆದ್ದ ಒಂದು ಔಷಧಿಯ ಹೆಸರಿನಲ್ಲಿ ಪರೀಕ್ಷೆಯನ್ನೇ ಕಾಣದ ಹತ್ತು ಚುಚ್ಚುಮದ್ದುಗಳನ್ನು ಮಾರುವುದು ಮೋಸವಲ್ಲದೆ ಮತ್ತೇನು?

"ದೊಡ್ಡಾಸ್ಪತ್ರೆ ನಮ್ಮಲ್ಲಿ ಎಲ್ಲಿದೆ? ಬಡವರಿಗೆ ಇಷ್ಟಾದರೂ ಆಸೆ ಬೇಡವೇ?" ಎಂದು ಕೇಳುವವರಿದ್ದಾರೆ. ಕೊರತೆ ನಿಜ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮಡಿದಾಗ ಇಡೀ ಜಿಲ್ಲೆ ಆಸ್ಪತ್ರೆಗಾಗಿ ಕೂಗೆತ್ತಿತ್ತು. ಆ ಕೂಗು ನ್ಯಾಯವಾದದ್ದು. ಆದರೆ ಆಸ್ಪತ್ರೆ ದೂರವಿದೆಯೆಂಬುದು ಸುಳ್ಳು ಮದ್ದಿಗೆ ಸಮರ್ಥನೆಯಾಗದು. ಸುಳ್ಳು ಮದ್ದು ಬೇರೂರುವುದೇ ಇಂಥ ಕೊರತೆಯ ನೆಲದಲ್ಲಿ. ಮಂಡಿ ಪೂರ್ತಿ ಸವೆದವರಿಗೆ ಬದಲಿ ಜೋಡಣೆಯ ಶಸ್ತ್ರಚಿಕಿತ್ಸೆಯಿದೆ. ಸುಮಾರು 1,58,000 ರೂಪಾಯಿಗೆ ಮಾರಾಟವಾಗುತ್ತಿದ್ದ ಸಾಮಾನ್ಯ ಕೃತಕ ಮಂಡಿಗೆ 2017ರ ಆಗಸ್ಟಿನಲ್ಲಿ ಸರ್ಕಾರ ತೆರಿಗೆಯ ಹೊರತು 54,720 ರೂಪಾಯಿಗಳ ಮಿತಿ ಹಾಕಿತು. ಅನುಮತಿಯಿಲ್ಲದ ಚುಚ್ಚುಮದ್ದಿಗೆ ಕೇಳಿದ್ದೇ ಬೆಲೆ.

ಇನ್ನೂ ಸವೆತದ ಆರಂಭದಲ್ಲಿರುವವರಿಗೆ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿದೆ, ತೂಕ ಇಳಿಸುವ ದಾರಿಯಿದೆ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು 4 ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ತೋರಿಸಿತು. ಇದಕ್ಕೆ ಜಾಹೀರಾತಿಲ್ಲ, ಏಕೆಂದರೆ ಇದರಲ್ಲಿ ಯಾರಿಗೂ ಲಾಭವಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಒತ್ತಾಯವಿಷ್ಟೇ. ತಾಯಂದಿರಿಗಾಗಿ ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಇದು ಯಾವ ಕೋಶ? ಔಷಧ ನಿಯಂತ್ರಕರ ಅನುಮತಿ ಎಲ್ಲಿದೆ? ನನ್ನ ತಾಯಿಯ ಸವೆತ ಯಾವ ಹಂತದ್ದು? ಪರೀಕ್ಷೆಯೆಂದಾದರೆ ನಮ್ಮಿಂದ ಹಣವೇಕೆ? ಉತ್ತರ ಬರೆದುಕೊಡಲಾರದವರಿಗೆ ಹಣ ಕೊಡಬೇಡಿರಿ. ಉಚಿತ ತಪಾಸಣಾ ಶಿಬಿರದ ಹೆಸರಿನಲ್ಲಿ ಗಿರಾಕಿಗಳನ್ನು ಆರಿಸಲು ಬರುವವರಿಗೆ ನಮ್ಮ ಚರ್ಚಿನ ಸಭಾಂಗಣವನ್ನಾಗಲಿ ಶಾಲೆಯ ಕೊಠಡಿಯನ್ನಾಗಲಿ ಬಿಟ್ಟುಕೊಡಬಾರದು. ಅದೇ ಸಭಾಂಗಣದಲ್ಲಿ ವಾರಕ್ಕೆರಡು ದಿನ ಫಿಸಿಯೋಥೆರಪಿ ಬಲ್ಲವರೊಬ್ಬರನ್ನು ಕರೆಸಿ, ಬುಟ್ಟಿ ಹೊತ್ತು ಸವೆದ ಮಂಡಿಗಳಿಗೆ ವ್ಯಾಯಾಮ ಕಲಿಸೋಣ. ನಮ್ಮ ಕೈಲಾಗುವ ಕೆಲಸ ಇದು. ಈ ಮಳೆಗಾಲ ಮುಗಿಯುವ ಮುನ್ನ ಆರಂಭಿಸಬಹುದಾದದ್ದು.